ನೋಡಲು ಚೆನ್ನಾಗಿಯೇ ಇದ್ದಾರೆ, ಆದರೆ ಹೇಳದೆ ಸ್ನಾನಕ್ಕೂ ಏಳುವುದಿಲ್ಲ

ಪ್ರಶ್ನೆ: ನಾವು ಬೆಂಗಳೂರಿನ ಲಗ್ಗೆರೆಯಲ್ಲಿದ್ದೇವೆ. ನನ್ನ ಯಜಮಾನರಿಗೆ 39 ವರ್ಷ. ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದರು. ಎರಡೂವರೆ ವರ್ಷದ ಹಿಂದೆ ರಾತ್ರಿ ಪಾಳಿ ಮುಗಿಸಿ ಬರುವಾಗ ಕಾರೊಂದು ತಗುಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಜಿ.ಸಿ.ಎಸ್. 7’ ಎಂದು ಬರೆದಿದೆ. 19 ದಿನ ಐಸಿಯುನಲ್ಲಿದ್ದರು. ಬುರುಡೆಯ ಎಲುಬು ತೆಗೆದು ಹೊಟ್ಟೆಯ ಚರ್ಮದ ಅಡಿಯಲ್ಲಿಟ್ಟಿದ್ದರು, ನಾಲ್ಕು ತಿಂಗಳ ಮೇಲೆ ಮತ್ತೆ ಜೋಡಿಸಿದರು. ಆಸ್ಪತ್ರೆಯಲ್ಲಿ ಮೊದಲ ವಾರ ಒಮ್ಮೆ ಫಿಟ್ಸ್ ಬಂದಿತ್ತು, ಆಮೇಲೆ ಬಂದಿಲ್ಲ. ಲೆವೆಟಿರಾಸೆಟಮ್ ಮಾತ್ರೆ ಈಗಲೂ ಎರಡು ಹೊತ್ತು ಕೊಡುತ್ತಿದ್ದೇನೆ. ಈಗ ನಡೆಯುತ್ತಾರೆ, ಮಾತಾಡುತ್ತಾರೆ, ಹಳೆಯದೆಲ್ಲ ನೆನಪಿದೆ. ಬಂದವರು ‘ಚೆನ್ನಾಗಿದ್ದಾರಲ್ಲ’ ಎಂದು ಹೇಳಿ ಹೋಗುತ್ತಾರೆ. ಆದರೆ ಬೆಳಗಿನಿಂದ ಕುರ್ಚಿಯಲ್ಲೇ ಕುಳಿತಿರುತ್ತಾರೆ, ನಾನು ಹೇಳದೆ ಸ್ನಾನಕ್ಕೂ ಏಳುವುದಿಲ್ಲ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಮರೆತಿರುತ್ತದೆ. ಇದ್ದಕ್ಕಿದ್ದಂತೆ ಸಿಟ್ಟು ಬರುತ್ತದೆ. ಒಂಬತ್ತು ವರ್ಷದ ಮಗಳು ಹತ್ತಿರ ಹೋಗಲು ಹೆದರುತ್ತಾಳೆ. ಒಗ್ಗರಣೆ ಸೀದರೂ ಅವರಿಗೆ ಗೊತ್ತಾಗುವುದಿಲ್ಲ. ಕೇಳಿದರೆ ‘ನನಗೇನೂ ಆಗಿಲ್ಲ, ಸ್ಕೂಟರ್ ಕೀ ಕೊಡು’ ಎನ್ನುತ್ತಾರೆ. ಅತ್ತೆಯವರು ‘ನೀನೇ ಕೂರಿಸಿ ಕೂರಿಸಿ ಹಾಳುಮಾಡಿದೆ’ ಎನ್ನುತ್ತಾರೆ. ಇದು ಸೋಮಾರಿತನವೋ ಕಾಯಿಲೆಯೋ? ಮೊದಲಿನಂತೆ ಆಗುತ್ತಾರೆಯೇ? ಪರಿಹಾರದ ಕೇಸಿನಲ್ಲಿ ಭುಜದ ಪೆಟ್ಟಿಗೆ ಶೇ 15 ಅಂಗವೈಕಲ್ಯ ಎಂದು ಬರೆದಿದ್ದಾರೆ, ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಿ ಎನ್ನುತ್ತಿದ್ದಾರೆ, ಒಪ್ಪಬಹುದೇ? ಮುಂದಿನ ತಿಂಗಳು ನನ್ನ ತಮ್ಮನ ಮದುವೆ, ಅವರನ್ನು ಕರೆದುಕೊಂಡು ಹೋಗಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಾಲುಗಳನ್ನು ನೀವು ಹಾಗೇ ಬರೆದುಕೊಂಡು ಹೋಗಿದ್ದೀರಿ: ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ ಎಂಬುದು ಒಂದು, ಲೆವೆಟಿರಾಸೆಟಮ್ ಮಾತ್ರೆಯ ಮಾತು ಇನ್ನೊಂದು. ನಾನು ಈ ಎರಡರಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ಕೇಳಿದ ದೊಡ್ಡ ಪ್ರಶ್ನೆಗಳಿಗೆ ದಾರಿ ಇಲ್ಲಿಂದಲೇ ಇದೆ.

ಮೂಗಿನ ಮೇಲ್ಭಾಗದಿಂದ ಮಿದುಳಿಗೆ ವಾಸನೆಯನ್ನು ಒಯ್ಯುವ ನರದ ಎಳೆಗಳು ಜರಡಿಯಂತೆ ತೂತುಗಳಿರುವ ಒಂದು ತೆಳು ಎಲುಬಿನ ಮೂಲಕ ಹಾದುಹೋಗುತ್ತವೆ. ವೇಗದಲ್ಲಿದ್ದ ತಲೆ ಥಟ್ಟನೆ ನಿಂತಾಗ ಒಳಗಿನ ಮಿದುಳು ಮುಂದಕ್ಕೆ ಜಾರುತ್ತದೆ. ಆಗ ಈ ಎಳೆಗಳು ಕಿತ್ತುಹೋಗಬಹುದು. ಅದೇ ಜಾಗದಲ್ಲಿ, ಕಣ್ಣುಗಳ ಮೇಲ್ಗಡೆ, ಬುರುಡೆಯ ಒಳತಳ ನುಣುಪಾಗಿಲ್ಲ, ಉಬ್ಬುತಗ್ಗಾಗಿದೆ. ಅದರ ಮೇಲೆ ಕುಳಿತಿರುವುದು ಮಿದುಳಿನ ಮುಂಭಾಗ. ಆದ್ದರಿಂದ ತಲೆಪೆಟ್ಟಿನ ನಂತರ ವಾಸನೆ ಹೋದವರಲ್ಲಿ ಮಿದುಳಿನ ಮುಂಭಾಗಕ್ಕೂ ಗಾಯವಾಗಿರಬಹುದೆಂದು ನಾವು ಅನುಮಾನಿಸಿಯೇ ನೋಡುತ್ತೇವೆ. ಈ ಭಾಗಕ್ಕೆ ಪೆಟ್ಟಾದರೆ ಕೈಕಾಲು ಬೀಳುವುದಿಲ್ಲ, ಮಾತು ನಿಲ್ಲುವುದಿಲ್ಲ, ಹಳೆಯ ನೆನಪು ಅಳಿಯುವುದಿಲ್ಲ. ಕೆಲಸವೊಂದನ್ನು ತಾನಾಗಿ ಶುರುಮಾಡುವುದು, ಅದನ್ನು ಕೊನೆಯವರೆಗೆ ಹಿಡಿದುಕೊಳ್ಳುವುದು, ಬಂದ ಸಿಟ್ಟನ್ನು ಒಂದು ಕ್ಷಣ ತಡೆಹಿಡಿಯುವುದು, ತನ್ನನ್ನು ತಾನು ಹೊರಗಿನಿಂದ ನೋಡಿಕೊಳ್ಳುವುದು, ಇಂಥ ಸಾಮರ್ಥ್ಯಗಳು ಕೆಡುತ್ತವೆ. ಬಂದು ಹೋಗುವವರ ಕಣ್ಣಿಗೆ ಇವು ಯಾವುವೂ ಕಾಣುವುದಿಲ್ಲ, ಜೊತೆಯಲ್ಲಿ ಬಾಳುವವರಿಗೆ ಮಾತ್ರ ಗೊತ್ತಾಗುತ್ತವೆ. ಮೇಲಾಗಿ ಹೊರಗಿನಿಂದ ನೋಡಿದರೆ ಇವು ಸ್ವಭಾವದ ದೋಷಗಳಂತೆಯೇ ಕಾಣುತ್ತವೆ, ಸೋಮಾರಿ, ಮುಂಗೋಪಿ, ಹಟಮಾರಿ ಎಂಬಂತೆ.

ಇದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದ ರೋಗಿಯೊಬ್ಬರು ಕೌಂಟರಿನಲ್ಲಿ ಹಣ ಎಣಿಸುವ ಕೆಲಸದಲ್ಲಿದ್ದವರು. ಕಾಗದದ ಮೇಲಿನ ಪರೀಕ್ಷೆಗಳನ್ನು ಸಾಕಷ್ಟು ಚೆನ್ನಾಗಿಯೇ ಮುಗಿಸಿದರು. ನಾನು ಅವರ ಕೈಗೆ ನೂರು ರೂಪಾಯಿಯ ನೋಟು ಕೊಟ್ಟು, ಕ್ಯಾಂಟೀನಿನಿಂದ ಒಂದು ಕಾಫಿ ತರಬೇಕು, ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಈ ಹಾಳೆಯ ಎರಡು ಪ್ರತಿ ಮಾಡಿಸಬೇಕು, ಸರಿಯಾಗಿ 11 ಗಂಟೆಗೆ ನನ್ನ ಬಾಗಿಲು ತಟ್ಟಬೇಕು ಎಂದೆ. ಮೂರನ್ನೂ ತಪ್ಪಿಲ್ಲದೆ ಒಪ್ಪಿಸಿ ಹೊರಟರು. 11.20ಕ್ಕೆ ಹುಡುಕಿಕೊಂಡು ಹೋದಾಗ ಕ್ಯಾಂಟೀನಿನ ಹೊರಗಿನ ಬೆಂಚಿನ ಮೇಲೆ, ನೋಟನ್ನೂ ಹಾಳೆಯನ್ನೂ ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದರು. ಏನೇನು ಮಾಡಬೇಕಿತ್ತು ಎಂದು ಕೇಳಿದರೆ ಮೂರನ್ನೂ ಅದೇ ಕ್ರಮದಲ್ಲಿ ಮತ್ತೆ ಹೇಳಿದರು. ‘ಮತ್ತೆ?’ ಎಂದೆ. ‘ಹೋಗಬೇಕು ಮೇಡಂ’ ಎಂದರು, ಕುಳಿತೇ ಇದ್ದರು. ಅವರಿಗೆ ಕೆಲಸ ಗೊತ್ತಿತ್ತು, ಮನಸ್ಸೂ ಇತ್ತು. ಗೊತ್ತಿರುವುದರಿಂದ ಎದ್ದು ಹೋಗುವವರೆಗಿನ ದಾರಿ ಮಾತ್ರ ಮುರಿದಿತ್ತು. ನಿಮ್ಮ ಪತಿ ಸ್ನಾನಕ್ಕೆ ಏಳದೆ ಕೂರುವುದನ್ನು ಓದಿದಾಗ ನನಗೆ ಆ ಬೆಂಚೇ ನೆನಪಾಯಿತು.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ನೀವು ವಿವರಿಸಿರುವುದು ಸೋಮಾರಿತನವಲ್ಲ, ಗಾಯದ ಲಕ್ಷಣ. ನೀವು ಕೂರಿಸಿ ಹಾಳುಮಾಡಿದ್ದೂ ಅಲ್ಲ. ‘ನನಗೇನೂ ಆಗಿಲ್ಲ’ ಎಂಬ ಅವರ ಮಾತು ಕೂಡ ಸುಳ್ಳೂ ಅಲ್ಲ, ಅಹಂಕಾರವೂ ಅಲ್ಲ. ತನ್ನ ಕೊರತೆಯನ್ನು ಗುರುತಿಸಬೇಕಾದ ಭಾಗವೇ ಪೆಟ್ಟು ತಿಂದಿರುವಾಗ ಅವರಿಗೆ ಅದು ನಿಜವಾಗಿಯೂ ಕಾಣುವುದಿಲ್ಲ. ಇದನ್ನು ವಾದ ಮಾಡಿ ಒಪ್ಪಿಸಲು ಹೊರಟ ಮನೆಗಳಲ್ಲಿ ಜಗಳವೊಂದೇ ಉಳಿದದ್ದನ್ನು ನೋಡಿದ್ದೇನೆ.

ಮೊದಲಿನಂತೆ ಆಗುತ್ತಾರೆಯೇ ಎಂಬುದಕ್ಕೆ ಉತ್ತರ ಅಷ್ಟು ಸುಲಭವಲ್ಲ, ಆದರೂ ಮುಚ್ಚಿಡಲಾರೆ. ಜಿ.ಸಿ.ಎಸ್. ಎನ್ನುವುದು 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ನರಶಸ್ತ್ರವೈದ್ಯರು ರೂಪಿಸಿದ ಪ್ರಜ್ಞೆಯ ಅಳತೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ, 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಪೆಟ್ಟು. 7 ಅಂಕದಿಂದ ಎದ್ದುಬಂದು ಇಂದು ನಡೆದಾಡುತ್ತಿರುವುದು ಸಣ್ಣ ಸಂಗತಿಯಲ್ಲ. ಚೇತರಿಕೆಯ ವೇಗ ಮೊದಲ ಆರು ತಿಂಗಳಲ್ಲಿ ಹೆಚ್ಚು, ಎರಡು ವರ್ಷದ ಹೊತ್ತಿಗೆ ಬಹಳ ನಿಧಾನವಾಗುತ್ತದೆ. ಹಾಗಾಗಿ ಅಪಘಾತದ ಹಿಂದಿನ ದಿನದ ವ್ಯಕ್ತಿ ಪೂರ್ತಿಯಾಗಿ ಹಿಂತಿರುಗುವುದನ್ನು ನಾನು ನಿರೀಕ್ಷಿಸುವುದಿಲ್ಲ. ಆದರೆ ಈಗಿನ ಈ ಕುರ್ಚಿಯ ಬದುಕೇ ಅವರ ಪಾಲಿನ ಗರಿಷ್ಠ ಎಂದೂ ನಾನು ಒಪ್ಪುವುದಿಲ್ಲ. ಎರಡು ವರ್ಷದ ಮೇಲೆ ಬಾಗಿಲು ಮುಚ್ಚಿತು ಎಂದು ಹೇಳಿದವರಿದ್ದರೆ ಅದು ತಪ್ಪು ಮಾತು. ಮಿದುಳಿನ ಗಾಯ ಈಗಿರುವ ಮಟ್ಟದಲ್ಲೇ ನಿಂತಿದ್ದರೂ, ದಿನವನ್ನು ಜೋಡಿಸುವ ಬಗೆ ಬದಲಾದರೆ ಮನುಷ್ಯ ಮಾಡುವ ಕೆಲಸ ವರ್ಷಗಳ ನಂತರವೂ ಹೆಚ್ಚಬಲ್ಲದು.

ಅದಕ್ಕೆ ಮುಂಚೆ, ಗಾಯದ ಲೆಕ್ಕಕ್ಕೆ ಸೇರದ, ಸರಿಪಡಿಸಬಹುದಾದ ಕೆಲವನ್ನು ಪರೀಕ್ಷಿಸಿಕೊಳ್ಳಬೇಕು. ಮೊದಲನೆಯದು ಆ ಮಾತ್ರೆ. ಲೆವೆಟಿರಾಸೆಟಮ್ ಒಳ್ಳೆಯ ಔಷಧ, ಆದರೆ ಸಿಡುಕು, ಕೋಪ, ಮಂಕುತನ ತರುವುದು ಅದರ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಪೆಟ್ಟಾದ ಮೊದಲ ವಾರದ ಫಿಟ್ಸ್ ತಡೆಯಲು ಇಂಥ ಔಷಧಗಳು ನೆರವಾಗುತ್ತವೆ. ಆ ವಾರದ ನಂತರವೂ ಮುಂದುವರಿಸಿದರೆ ಎಷ್ಟೋ ತಿಂಗಳ ಮೇಲೆ ಬರಬಹುದಾದ ಅಪಸ್ಮಾರವನ್ನು ತಡೆಯುತ್ತವೆ ಎಂದು ಸಾಬೀತಾಗಿಲ್ಲ. ಇದನ್ನು ಓದಿ ನಾಳೆಯೇ ಮಾತ್ರೆ ನಿಲ್ಲಿಸಬೇಡಿ. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅಲ್ಲದೆ ಬುರುಡೆ ತೆರೆದ ತೀವ್ರ ಪೆಟ್ಟಿನಲ್ಲಿ ಆ ಅಪಾಯ ವರ್ಷಗಟ್ಟಲೆ ಉಳಿದಿರುತ್ತದೆ. ನರರೋಗ ತಜ್ಞರ ಎದುರು ಕುಳಿತು ‘ಇದು ಇನ್ನೂ ಬೇಕೇ, ಬೇಕಾದರೆ ಸಿಟ್ಟು ತರದ ಬೇರೊಂದಿದೆಯೇ, ಬೇಡವಾದರೆ ಹೇಗೆ ಇಳಿಸಬೇಕು’ ಎಂದು ಕೇಳಿ. ಎರಡೂವರೆ ವರ್ಷದಿಂದ ಒಂದೇ ಚೀಟಿಯನ್ನು ಮೆಡಿಕಲ್ ಶಾಪಿನಲ್ಲಿ ತೋರಿಸಿ ಮಾತ್ರೆ ತರುತ್ತಿರುವ ಮನೆಗಳು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಇವೆ.

ಎರಡನೆಯದು ಹಾರ್ಮೋನುಗಳು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಇಂಥ ಪೆಟ್ಟಿನಲ್ಲಿ ಹಾನಿಯಾದರೆ ಥೈರಾಯ್ಡ್, ಕಾರ್ಟಿಸಾಲ್, ಪುರುಷ ಹಾರ್ಮೋನು ಇವು ಕುಗ್ಗುತ್ತವೆ. ಆಗ ಬರುವ ಸುಸ್ತು ಮತ್ತು ನಿರಾಸಕ್ತಿ ಮಿದುಳಿನ ಗಾಯದ ನಿರಾಸಕ್ತಿಯ ಹಾಗೆಯೇ ಇರುತ್ತದೆ, ಆದರೆ ಅದಕ್ಕೆ ಚಿಕಿತ್ಸೆ ಇದೆ. ಬೆಳಗಿನ ರಕ್ತಪರೀಕ್ಷೆಯಿಂದ ಇದರ ಸುಳಿವು ಸಿಗುತ್ತದೆ. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟುತ್ತದೆಯೇ ಎಂದು ಎರಡು ರಾತ್ರಿ ಗಮನಿಸಿ. ಖಿನ್ನತೆಯೂ ಸಾಧ್ಯ, ಕುಳಿತಿರುವವರು ಒಳಗೊಳಗೇ ಕೊರಗುತ್ತಿದ್ದಾರೋ ಅಥವಾ ಕೊರಗೂ ಇಲ್ಲದೆ ಸುಮ್ಮನಿದ್ದಾರೋ ಎಂಬ ವ್ಯತ್ಯಾಸವನ್ನು ಮನೋವೈದ್ಯರು ನೋಡಿ ಹೇಳಬೇಕು, ಎರಡಕ್ಕೂ ಚಿಕಿತ್ಸೆ ಬೇರೆ. ಇನ್ನು ಒಂದು ಎಚ್ಚರಿಕೆ: ಇದುವರೆಗೆ ಸರಿಯಾಗಿ ನಡೆಯುತ್ತಿದ್ದವರು ಕಾಲು ಎಳೆದು ನಡೆಯತೊಡಗಿದರೆ, ಬಟ್ಟೆಯಲ್ಲಿ ಮೂತ್ರ ಹೋದರೆ, ಮಂಪರು ಹೆಚ್ಚಿದರೆ, ಮಿದುಳಿನಲ್ಲಿ ನೀರು ತುಂಬಿಕೊಳ್ಳುತ್ತಿರಬಹುದು, ಅದಕ್ಕೆ ಶಸ್ತ್ರಚಿಕಿತ್ಸೆಯ ಪರಿಹಾರವಿದೆ, ತಡಮಾಡಬಾರದು. ಮನೆಯವರು ಲೇಹ್ಯ, ಚೂರ್ಣ ಏನಾದರೂ ಕೊಡುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಹರಕೆಗೆ ನನ್ನ ಆಕ್ಷೇಪವಿಲ್ಲ, ಜಾತ್ರೆಯ ನೂಕುನುಗ್ಗಲಿಗೆ ಅವರನ್ನು ಒಯ್ಯುವುದಕ್ಕೆ ಇದೆ.

ಈಗ ದಿನವನ್ನು ಜೋಡಿಸುವ ಮಾತು. ‘ಸ್ನಾನಕ್ಕೆ ಹೋಗಿ’ ಎಂಬ ನಿಮ್ಮ ಒಂದು ಮಾತಿನಲ್ಲಿ ಹತ್ತು ಕೆಲಸಗಳು ಅಡಗಿವೆ: ಏಳಬೇಕು, ಗೀಸರ್ ಹಾಕಬೇಕು, ಟವೆಲ್ ಹುಡುಕಬೇಕು, ಬಟ್ಟೆ ಆರಿಸಬೇಕು, ಹೀಗೆ. ನಿಮಗೂ ನನಗೂ ಇವು ತಾವಾಗಿ ಒಂದರ ಹಿಂದೊಂದು ಬರುತ್ತವೆ, ಅವರಿಗೆ ಬರುವುದಿಲ್ಲ. ಆದ್ದರಿಂದ ಕೆಲಸವನ್ನು ನೀವು ಕತ್ತರಿಸಿ ಕೊಡಬೇಕು. ದಿನವೂ ಒಂದೇ ಹೊತ್ತು, ಒಂದೇ ಕ್ರಮ. ಎಂಟು ಗಂಟೆಗೆ ಮೊಬೈಲಿನಲ್ಲಿ ಅಲಾರಂ ಬಾರಿಸಲಿ, ಮಗಳ ದನಿಯಲ್ಲೇ ‘ಅಪ್ಪಾ, ಗೀಸರ್ ಹಾಕು’ ಎಂದು ರೆಕಾರ್ಡ್ ಮಾಡಿಟ್ಟರೆ ಇನ್ನೂ ಒಳ್ಳೆಯದು. ಅವಳಿಗೂ ತಂದೆಯ ಜೊತೆ ಹೆದರಿಕೆಯಿಲ್ಲದ ಒಂದು ನಂಟು ಉಳಿಯುತ್ತದೆ. ಟವೆಲನ್ನು ಕುರ್ಚಿಯ ಕೈಮೇಲೆ, ಕಣ್ಣಿಗೆ ಬೀಳುವಂತೆ ಇಡಿ. ಮೊದಲ ಹೆಜ್ಜೆ ಏಳದಿದ್ದರೆ ಮತ್ತೆ ಮತ್ತೆ ಹೇಳುವ ಬದಲು ಮೊಣಕೈ ಮುಟ್ಟಿ ಎಬ್ಬಿಸಿ. ಮಾತು ತಲುಪದ ಕಡೆ ಸ್ಪರ್ಶ ತಲುಪುವುದುಂಟು. ಬಚ್ಚಲಮನೆಯ ಬಾಗಿಲಿಗೆ ಐದು ಸಾಲಿನ ಒಂದು ಚೀಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ. ಆರೇಳು ವಾರ ಹೀಗೇ ನಡೆದು ರೂಢಿಯಾದ ಮೇಲೆ ಒಂದೊಂದೇ ಆಸರೆಯನ್ನು ತೆಗೆಯುತ್ತಾ ಬನ್ನಿ, ಅಲಾರಂ ಮಾತ್ರ ಇರಲಿ. ಅಲಾರಂ ಜೀವನಪೂರ್ತಿ ಉಳಿದರೂ ಪರವಾಗಿಲ್ಲ. ಕನ್ನಡಕ ಹಾಕಿಕೊಂಡವರನ್ನು ನಾವು ಎಂದು ತೆಗೆಯುತ್ತೀರಿ ಎಂದು ಕೇಳುವುದಿಲ್ಲವಲ್ಲ.

ಸ್ನಾನವೊಂದು ಸ್ಥಿರವಾದ ಮೇಲೆ ಮನೆಗೆ ಬೇಕಾದ ಒಂದು ಕೆಲಸವನ್ನು ಅವರ ಹೆಸರಿಗೆ ಬಿಡಿ. ಬೆಳಗಿನ ಕಾಫಿ ಸೂಕ್ತವೆಂದು ನನ್ನ ಅನಿಸಿಕೆ: ರಾತ್ರಿಯೇ ಫಿಲ್ಟರಿಗೆ ಪುಡಿ ಹಾಕಿಡುವುದು, ಬೆಳಿಗ್ಗೆ ನೀರು ಕಾಯಿಸಿ ಹುಯ್ಯುವುದು, ಡಿಕಾಕ್ಷನ್ ಇಳಿಯುವವರೆಗೆ ಹಾಲು ಕಾಯಿಸುವುದು, ಹೆಜ್ಜೆಗಳು ಸ್ಪಷ್ಟ, ಕ್ರಮ ಬದಲಾಗುವುದಿಲ್ಲ, ಕೊನೆಯಲ್ಲಿ ಅತ್ತೆಯವರ ಕೈಗೆ ಒಂದು ಲೋಟ ಸೇರುತ್ತದೆ. ಆದರೆ ಗ್ಯಾಸ್ ಒಲೆಯ ಮೇಲೆ ಬೇಡ, ಇಂಡಕ್ಷನ್ ಒಲೆ ಕೊಳ್ಳಿ. ವಾಸನೆ ಇಲ್ಲದವರಿಗೆ ಗ್ಯಾಸ್ ಸೋರಿದ್ದು ತಿಳಿಯುವುದಿಲ್ಲ, ಹಾಲು ಉಕ್ಕಿ ಉರಿ ಆರಿದರೂ ತಿಳಿಯುವುದಿಲ್ಲ. ಹಳಸಿದ ಸಾರು ಪಲ್ಯಗಳ ವಿಷಯದಲ್ಲೂ ಇದೇ ಎಚ್ಚರ. ಫ್ರಿಜ್‌ನಲ್ಲಿಡುವ ಡಬ್ಬಿಗಳ ಮೇಲೆ ವಾರದ ಹೆಸರು ಬರೆದಿಡಿ.

ಮರೆವಿನ ಬಗ್ಗೆ ಒಂದು ವಿನಂತಿ. ‘ಬೆಳಿಗ್ಗೆ ಏನು ಹೇಳಿದೆ, ನೆನಪಿದೆಯಾ?’ ಎಂಬ ಪ್ರಶ್ನೆಯನ್ನು ಇಂದಿನಿಂದ ಮನೆಯಲ್ಲಿ ನಿಲ್ಲಿಸಿಬಿಡಿ. ಪರೀಕ್ಷೆ ಮಾಡುವುದರಿಂದ ನೆನಪು ಗಟ್ಟಿಯಾಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ, ಆದರೆ ಇಂಥ ಪೆಟ್ಟಾದವರು ಊಹಿಸಿ ಹೇಳಿದ ತಪ್ಪು ಉತ್ತರವೇ ಮನಸ್ಸಿನಲ್ಲಿ ಉಳಿದುಬಿಡುವ ಸಾಧ್ಯತೆ ಹೆಚ್ಚು. ಹೊಸದನ್ನು ಕಲಿಸುವಾಗ ತಪ್ಪಿಗೆ ಆಸ್ಪದವನ್ನೇ ಕೊಡದೆ ಸರಿಯಾದ ಉತ್ತರವನ್ನು ನೀವೇ ಮೊದಲು ಹೇಳಿ, ಅವರಿಂದ ಹೇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿಸಿ, ನಡುವಿನ ಬಿಡುವನ್ನು ನಿಧಾನವಾಗಿ ಹೆಚ್ಚಿಸಿ. ಉಳಿದದ್ದನ್ನು ತಲೆಯ ಬದಲು ಗೋಡೆಗೆ ಒಪ್ಪಿಸಿ. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಚೌಕದಲ್ಲಿ ಗುರುತು ಹಾಕುತ್ತೀರಲ್ಲ, ಅದೇ ಕ್ಯಾಲೆಂಡರಿನಲ್ಲಿ ಮಾತ್ರೆ ತೆಗೆದುಕೊಂಡದ್ದಕ್ಕೂ ಅವರೇ ಒಂದು ಗೆರೆ ಎಳೆಯಲಿ. ಒಂದು ನೋಟ್‌ಬುಕ್ ಸಾಕು, ಅದಕ್ಕೆ ಒಂದೇ ಜಾಗ. ಮೂರು ನೋಟ್‌ಬುಕ್ ಇದ್ದರೆ ಯಾವುದರಲ್ಲಿ ಬರೆದೆ ಎಂಬುದೇ ಮರೆಯುತ್ತದೆ.

ಸಿಟ್ಟಿನ ವಿಷಯ ಹೆಚ್ಚು ಗಂಭೀರ. ‘ಇದ್ದಕ್ಕಿದ್ದಂತೆ’ ಎಂದು ಬರೆದಿದ್ದೀರಿ. ಎರಡು ವಾರ, ಸಿಟ್ಟು ಬಂದಾಗಲೆಲ್ಲ ಹೊತ್ತು ಎಷ್ಟು, ಊಟವಾಗಿ ಎಷ್ಟು ಸಮಯ, ಟಿವಿ ಓಡುತ್ತಿತ್ತೇ, ಎಷ್ಟು ಜನ ಮಾತಾಡುತ್ತಿದ್ದರು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂದು ನಾಲ್ಕು ಪದದಲ್ಲಿ ಗುರುತು ಹಾಕಿಕೊಳ್ಳಿ. ಬಹುತೇಕ ಮನೆಗಳಲ್ಲಿ ಇದ್ದಕ್ಕಿದ್ದಂತೆ ಎಂಬುದು ಸಂಜೆ ಆರರ ನಂತರ, ಕುಕ್ಕರ್ ಕೂಗುತ್ತಿರುವಾಗ, ಟಿವಿಯ ಜೊತೆಗೆ ಇಬ್ಬರು ಒಟ್ಟಿಗೆ ಪ್ರಶ್ನೆ ಕೇಳಿದಾಗ ಎಂದು ಬದಲಾಗುತ್ತದೆ. ಪೆಟ್ಟಾದ ಮಿದುಳು ದಣಿಯುವುದು ನಮ್ಮ ಹಾಗಲ್ಲ. ದಣಿದ ಮೇಲೆ ಮಲಗುವುದಕ್ಕಿಂತ ದಣಿಯುವ ಮೊದಲೇ, ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆ, ಸಂಜೆ ಇಪ್ಪತ್ತು ನಿಮಿಷ ಮಲಗಿಸಿದರೆ ಸಂಜೆಯ ಜಗಳ ಕಡಿಮೆಯಾಗುತ್ತದೆ. ಸಿಟ್ಟು ಏರಿದ ಕ್ಷಣದಲ್ಲಿ ನ್ಯಾಯ ಅನ್ಯಾಯದ ಮಾತು ಬೇಡ. ಒಂದು ವಾಕ್ಯ ಹೇಳಿ ಆ ಜಾಗ ಬಿಟ್ಟು ಹೋಗಿ. ಹತ್ತು ನಿಮಿಷದ ಮೇಲೆ ಅವರು ಮರೆತಿರುತ್ತಾರೆ, ನೀವು ಮರೆತಿರುವುದಿಲ್ಲ, ಇದು ನಿಮಗೆ ಆಗುತ್ತಿರುವ ಅನ್ಯಾಯವೇ ಸರಿ. ಮಗಳಿಗೆ ಅವಳ ವಯಸ್ಸಿಗೆ ತಕ್ಕಂತೆ ಹೇಳಿ: ಅಪ್ಪನ ತಲೆಯ ಒಳಗೆ ಗಾಯವಾಗಿದೆ, ಸಿಟ್ಟನ್ನು ತಡೆಯುವ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ನೀನು ಏನೂ ತಪ್ಪು ಮಾಡಿಲ್ಲ. ಇಷ್ಟಾಗಿಯೂ ಅವರು ಕೈ ಎತ್ತುವ ಹಂತಕ್ಕೆ ಬಂದರೆ ಗಾಯದ ಕಾರಣ ಹೇಳಿಕೊಂಡು ಸಹಿಸಬೇಕಾಗಿಲ್ಲ. ಮಗಳನ್ನು ಕರೆದುಕೊಂಡು ಹೋಗಲು ಒಂದು ಮನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಮಹಿಳಾ ಸಹಾಯವಾಣಿ 181ನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಮನೋವೈದ್ಯರಿಗೆ ಈ ವಿಷಯವನ್ನು ಮುಚ್ಚಿಡದೆ ಹೇಳಿ. ಇಂಥ ಕೋಪಕ್ಕೆ ಔಷಧಗಳೂ ಇವೆ.

ಮದ್ಯ ಸಂಪೂರ್ಣ ನಿಷಿದ್ಧ. ಸ್ಕೂಟರ್ ಕೀ ಕೊಡಬೇಡಿ. ಚಾಲನಾ ಪರವಾನಗಿಯ ಅರ್ಜಿಯ ಜೊತೆ ಕೊಡುವ ದೈಹಿಕ ಅರ್ಹತೆಯ ಘೋಷಣೆಯಲ್ಲಿ ಅಪಸ್ಮಾರ, ಪ್ರಜ್ಞೆ ತಪ್ಪುವಿಕೆ, ತಲೆಸುತ್ತಿನ ಬಗ್ಗೆ ನೇರವಾಗಿ ಕೇಳುತ್ತಾರೆ, ಸುಮ್ಮನೆ ಅಲ್ಲ. ಅವರೊಡನೆ ವಾದಿಸುವ ಬದಲು ‘ಡಾಕ್ಟರ್ ಬರೆದುಕೊಡುವವರೆಗೆ ಬೇಡವಂತೆ’ ಎಂದು ಹೊಣೆಯನ್ನು ವೈದ್ಯರ ಮೇಲೆ ಹಾಕಿ. ನಾವು ಇರುವುದೇ ಅದಕ್ಕೆ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಜನ ಕಡಿಮೆಯಿರುವ ಹನ್ನೊಂದು ಗಂಟೆಯ ಹೊತ್ತಿಗೆ, ಜೊತೆಗೊಬ್ಬರಿದ್ದು ಅಭ್ಯಾಸ ಮಾಡಿಸಬಹುದು.

ಕೆಲಸಕ್ಕೆ ಹೋಗುವುದರ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಸೂಪರ್‌ವೈಸರನ ಕೆಲಸವೆಂದರೆ ಒಂದೇ ಹೊತ್ತಿಗೆ ಐದು ಯಂತ್ರ, ಎಂಟು ಜನ, ಎರಡು ಫೋನು. ಅವರಲ್ಲಿ ಕೆಟ್ಟಿರುವ ಸಾಮರ್ಥ್ಯಗಳೇ ಆ ಕೆಲಸದ ಬಂಡವಾಳ. ಅದಕ್ಕೆ ವಾಪಸ್ಸು ಕಳಿಸಿ ಸೋಲಿಸಬೇಡಿ. ಒಂದೇ ಬಗೆಯ ಬಿಡಿಭಾಗಗಳನ್ನು ಅಳತೆಪಟ್ಟಿಗೆ ಹೋಲಿಸಿ ನೋಡುವುದು, ಪ್ಯಾಕಿಂಗ್ ಮಾಡುವುದು, ಇಂಥ ಕೆಲಸ ದಿನಕ್ಕೆ ಎರಡು ಗಂಟೆಯಿಂದ ಆರಂಭವಾಗಲಿ. ಕೈಗೆ ಗಾಯವಾಗುವ ಯಂತ್ರಗಳ ಹತ್ತಿರ ಬೇಡ. ನಮ್ಮ ಪಠ್ಯಪುಸ್ತಕಗಳಲ್ಲಿ ಫಿನಿಯಾಸ್ ಗೇಜ್ ಎಂಬ ರೈಲುಮಾರ್ಗದ ಮೇಸ್ತ್ರಿಯ ಕಥೆ ತಪ್ಪದೆ ಬರುತ್ತದೆ: 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಕಬ್ಬಿಣದ ಸಲಾಕೆ ಅವನ ಮಿದುಳಿನ ಮುಂಭಾಗವನ್ನು ಹಾದುಹೋಯಿತು, ಅವನ ಸ್ವಭಾವ ಬದಲಾಯಿತು ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಅಲ್ಲಿಗೇ ನಿಲ್ಲಿಸುವುದು ನನಗೆ ಎಂದೂ ಸರಿ ಕಂಡಿಲ್ಲ. ಆಮೇಲೆ ಅವನು ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಾಡಿ ಓಡಿಸಿ ಬದುಕಿದ. ದಿನವೂ ಅದೇ ಕುದುರೆಗಳು, ಅದೇ ದಾರಿ, ಅದೇ ಹೊತ್ತು. ಆ ಕಟ್ಟುಪಾಡೇ ಅವನನ್ನು ಮತ್ತೆ ನಿಲ್ಲಿಸಿರಬೇಕು ಎಂದು ಅವನ ಬದುಕನ್ನು ಅಭ್ಯಸಿಸಿದವರ ಊಹೆ.

ಕೇಸಿನ ವಿಷಯದಲ್ಲಿ ನಾನು ವಕೀಲಳಲ್ಲ, ಆದರೆ ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುವ ಮೋಟಾರು ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಸಾಕ್ಷ್ಯ ಹೇಳಿದ ಅನುಭವದಿಂದ ಇಷ್ಟು ಹೇಳಬಲ್ಲೆ: ಭುಜದ ಶೇ 15ನ್ನು ನಂಬಿ ರಾಜಿಗೆ ಸಹಿ ಹಾಕಬೇಡಿ. ಲೋಕ ಅದಾಲತ್‌ನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಭುಜ ಎಷ್ಟು ಎತ್ತಲಾಗುತ್ತದೆ ಎಂದು ಅಳೆದವರು ಅವರ ಯೋಜನಾಶಕ್ತಿಯನ್ನು ಅಳೆದಿಲ್ಲ. ರಾಜ್‌ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿಯೇ ಸ್ಪಷ್ಟಪಡಿಸಿದಂತೆ, ವೈದ್ಯರು ಬರೆದ ಅಂಗವೈಕಲ್ಯದ ಶೇಕಡಾವಾರು ಬೇರೆ, ಅದರಿಂದ ಆ ವ್ಯಕ್ತಿಯ ದುಡಿಮೆಯ ಶಕ್ತಿ ಎಷ್ಟು ಹೋಯಿತು ಎಂಬುದು ಬೇರೆ. ನ್ಯಾಯಮಂಡಳಿ ಎರಡನೆಯದನ್ನು ಆ ವ್ಯಕ್ತಿಯ ಉದ್ಯೋಗಕ್ಕೆ ಹೊಂದಿಸಿ ನೋಡಬೇಕು. ಸೂಪರ್‌ವೈಸರ್ ಒಬ್ಬರಿಗೆ ಭುಜಕ್ಕಿಂತ ಮಿದುಳಿನ ಮುಂಭಾಗ ಮುಖ್ಯ ಎಂಬುದನ್ನು ತೋರಿಸಲು ನರಮನೋವಿಜ್ಞಾನದ, ಅಂದರೆ ನೆನಪು, ಗಮನ, ಯೋಜನಾಶಕ್ತಿಗಳನ್ನು ಅಳೆಯುವ ಪರೀಕ್ಷೆಯ, ಲಿಖಿತ ವರದಿ ಬೇಕು, ಕೆಲಸದಲ್ಲಿ ಜೊತೆಗಿದ್ದವರ ಹೇಳಿಕೆ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಎರಡು ವಾರದ ಟಿಪ್ಪಣಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ತಲೆಪೆಟ್ಟು ಎಂಬ ಹೆಸರೇ ಇಲ್ಲ. ಅದರ ಪರಿಣಾಮಗಳು ಬೇರೆ ಬೇರೆ ಬಗೆಗಳ ಅಡಿ ಬರುತ್ತವೆ. ಶೇ 40 ಮುಟ್ಟಿದರೆ ಮಾತ್ರ ಹಲವು ಸೌಲಭ್ಯಗಳು ದೊರೆಯುವುದರಿಂದ, ಪ್ರಮಾಣಪತ್ರಕ್ಕೆ ಹೋಗುವ ಮುನ್ನ ಯಾವ ಬಗೆಯಡಿ ಅರ್ಜಿ ಹಾಕಬೇಕೆಂದು ವೈದ್ಯರನ್ನು ಕೇಳಿಕೊಂಡು ಹೋಗಿ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನ ವಿಭಾಗವೂ ನರಮನೋವಿಜ್ಞಾನದ ಪರೀಕ್ಷೆಯ ವ್ಯವಸ್ಥೆಯೂ ಇವೆ. ಅಲ್ಲಿ ರೂಪಿಸಿ 2004ರಲ್ಲಿ ಪ್ರಕಟಿಸಿದ ಪರೀಕ್ಷಾಸರಣಿ ನಮ್ಮ ಜನರ ವಯಸ್ಸು, ಓದುಬರಹಕ್ಕೆ ಹೊಂದುವ ಅಳತೆಗೋಲುಗಳನ್ನು ಹೊಂದಿದೆ. ಪರೀಕ್ಷೆಗೆ ಹಲವು ಗಂಟೆ ಬೇಕು, ದಣಿವಾಗುವುದರಿಂದ ಎರಡು ದಿನಕ್ಕೆ ಹಂಚಿಕೊಡಿ ಎಂದು ಕೇಳಬಹುದು. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲ್ಮುಗಳು, ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ನಿಮ್ಮ ಟಿಪ್ಪಣಿ, ಇಷ್ಟನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ವೈದ್ಯರ ಎದುರು ಅವರು ಬಹಳ ಚೆನ್ನಾಗಿ ಮಾತಾಡಿಬಿಡುತ್ತಾರೆ, ಆದ್ದರಿಂದ ನಿಮಗೆ ಪ್ರತ್ಯೇಕವಾಗಿ ಐದು ನಿಮಿಷ ಬೇಕೆಂದು ಹೇಳಿ. ಕೋರಮಂಗಲದ ಸೇಂಟ್ ಜಾನ್ಸ್‌ನಲ್ಲೂ ಪುನಶ್ಚೇತನ ವಿಭಾಗವಿದೆ. ಲಿಂಗರಾಜಪುರದಲ್ಲಿರುವ, 1959ರಿಂದ ನಡೆಯುತ್ತಿರುವ ಅಂಗವಿಕಲರ ಸಂಸ್ಥೆ ಎ.ಪಿ.ಡಿ.ಯಲ್ಲಿ ಉದ್ಯೋಗ ತರಬೇತಿಯ ಬಗ್ಗೆ ವಿಚಾರಿಸಬಹುದು.

ನಿಮ್ಮ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಗಂಡ ಎದುರಿಗೇ ಕುಳಿತಿದ್ದಾರೆ, ಆದರೆ ನೀವು ಮದುವೆಯಾದ ಮನುಷ್ಯ ಅಲ್ಲಿಲ್ಲ. ಇಂಥ ದುಃಖಕ್ಕೆ ಸೂತಕವಿಲ್ಲ, ಹನ್ನೊಂದನೆಯ ದಿನವಿಲ್ಲ, ಬಂದು ಕೈಹಿಡಿದು ಕೂರುವವರೂ ಇಲ್ಲ. ಅವರನ್ನು ಕಂಡು ಕೆಲವೊಮ್ಮೆ ಅಸಹ್ಯವಾಗುತ್ತದೆ ಎಂದು ನನ್ನ ಮುಂದೆ ಅತ್ತ ಹೆಂಡತಿಯರು ಹಲವರಿದ್ದಾರೆ, ಅವರಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಬೇಕಿಲ್ಲ; ಅದು ರೋಗಿಗಳಿಗೆ ಮಾತ್ರ ಇರುವುದಲ್ಲ. ಅತ್ತೆಯವರನ್ನು ಮುಂದಿನ ಭೇಟಿಗೆ ಜೊತೆಗೆ ಕರೆದುಕೊಂಡು ಹೋಗಿ. ‘ನೀನೇ ಹಾಳುಮಾಡಿದೆ’ ಎಂಬ ಮಾತು ಸೊಸೆಯ ವಿವರಣೆಯಿಂದ ನಿಲ್ಲುವುದಿಲ್ಲ, ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು ವೈದ್ಯರು ಇಲ್ಲಿ ನೋಡಿ ಎಂದು ತೋರಿಸಿದಾಗ ನಿಲ್ಲುವುದುಂಟು. ವಾರಕ್ಕೆ ಒಂದು ಮಧ್ಯಾಹ್ನ ಅವರು ಮಗನ ಜೊತೆ ಕೂರಲಿ, ನೀವು ಹೊರಗೆ ಹೋಗಿಬನ್ನಿ.

ಕೊನೆಯದಾಗಿ ತಮ್ಮನ ಮದುವೆ. ಕರೆದುಕೊಂಡು ಹೋಗಿ, ಆದರೆ ಆರತಕ್ಷತೆಗೆ ಬೇಡ. ಆರ್ಕೆಸ್ಟ್ರಾ, ವಿಡಿಯೋ ದೀಪ, ಕೈಕುಲುಕುವ ಸಾಲು ಅವರಿಗೆ ತಡೆಯುವುದಿಲ್ಲ. ಬೆಳಗಿನ ಮುಹೂರ್ತಕ್ಕೆ ಬನ್ನಿ. ಹಿಂದಿನ ರಾತ್ರಿ ಬೇಗ ಮಲಗಿಸಿ. ಛತ್ರದಲ್ಲಿ ಹಿಂದಿನ ಬಾಗಿಲಿನ ಹತ್ತಿರದ ಕುರ್ಚಿ ಹಿಡಿಯಿರಿ, ಗಟ್ಟಿಮೇಳಕ್ಕೆ ಐದು ನಿಮಿಷ ಮುಂಚೆ ಅವರನ್ನು ಹೊರಗೆ ಕರೆದುಕೊಂಡು ಹೋಗಲು ನಿಮ್ಮ ಕಡೆಯ ಒಬ್ಬ ಹುಡುಗನಿಗೆ ಹೇಳಿಡಿ. ಅಕ್ಷತೆ ಹಾಕುವ ಹೊತ್ತಿಗೆ ನೀವು ಮಂಟಪದ ಬಳಿ ಇರಬೇಕು, ಅವರ ಹಿಂದೆ ಓಡುತ್ತಿರಬಾರದು. ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ, ಊಟವಾದ ಕೂಡಲೇ ಆ ಹುಡುಗನ ಜೊತೆ ಮನೆಗೆ ಕಳಿಸಿಬಿಡಿ, ನೀವೂ ಮಗಳೂ ಸಂಜೆಯವರೆಗೆ ಉಳಿಯಿರಿ.